ಥರ್ಸ್ಟನ್ ಥರ ಆಗ್ತೀನಿ ಅನ್ನುವ ಮಗ: ರಗ್ಬಿ ಲೀಗ್ ಆಡಲು ಬಿಡಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು. ಈಗ ಸಿಡ್ನಿಯ ಬ್ಲ್ಯಾಕ್‌ಟೌನ್ ಹತ್ತಿರ ಇದ್ದೇವೆ. ಮಗನಿಗೆ 15 ವರ್ಷ. ಚಿಕ್ಕಂದಿನಿಂದ ಇಲ್ಲಿನ ಕ್ಲಬ್‌ನಲ್ಲಿ ರಗ್ಬಿ ಲೀಗ್ ಆಡುತ್ತಾನೆ, ಹಾಫ್‌ಬ್ಯಾಕ್ ಜಾಗದಲ್ಲಿ, ಅಂದರೆ ತಂಡದ ಆಟ ಕಟ್ಟುವ, ಚೆಂಡು ಹಂಚುವ ಜಾಗ. ನಿವೃತ್ತ ರಗ್ಬಿ ಲೀಗ್ ತಾರೆ ಜೊನಾಥನ್ ಥರ್ಸ್ಟನ್ ಅಂದರೆ ಪ್ರಾಣ. ಅವರ ಥರದ್ದೇ ಹೆಡ್‌ಗೇರ್ ಹಾಕಿಕೊಳ್ಳುತ್ತಾನೆ. ಕಳೆದ ಜುಲೈನಲ್ಲಿ ತಲೆಗೆ ಪೆಟ್ಟು ಬಿತ್ತು. ಸ್ವಲ್ಪ ಹೊತ್ತು ಮಂಕಾಗಿದ್ದ, ಪ್ರಜ್ಞೆ ತಪ್ಪಲಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದರು. ಎರಡು ವಾರಕ್ಕೆ ಮತ್ತೆ ಆಡಿದ. ಆಮೇಲೆ ತಂಗಿಯ ಬಾಯಿಂದ ಗೊತ್ತಾಯ್ತು, ಮೂರು ವಾರ ತಲೆನೋವು ಇತ್ತಂತೆ, ನಮಗೆ ಹೇಳಿರಲಿಲ್ಲ. ಬಲ ಭುಜ ಜಾರಿದ ಹಾಗಾಗುತ್ತದೆ ಅಂತಲೂ ಹೇಳುತ್ತಾನೆ. ಈಗ ಹೆರಾಲ್ಡ್ ಮ್ಯಾಥ್ಯೂಸ್ ಅನ್ನುವ ಹುಡುಗರ ಸ್ಪರ್ಧೆಗೆ ಜಿಲ್ಲಾ ತಂಡದ ಆಯ್ಕೆ ಶಿಬಿರಕ್ಕೆ ಕರೆ ಬಂದಿದೆ. ನಮ್ಮ ಯಜಮಾನರು ಓದು ಹಾಳಾಗುತ್ತದೆ ಅನ್ನುತ್ತಾರೆ. ಮಾವ ಫೋನಿನಲ್ಲಿ, ‘ನಾವೂ ಕಬಡ್ಡಿ ಆಡಿದವರೇ, ಬಿಡಮ್ಮ, ಏನಾಗಲ್ಲ’ ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ಹುಡುಗ ಸಣ್ಣ, ಉಳಿದವರು ಗುಡ್ಡದ ಹಾಗಿದ್ದಾರೆ. ಕಳಿಸಬೇಕಾ, ಬಿಡಿಸಬೇಕಾ?

ಉತ್ತರ: ಭುಜ, ಊಟ, ಓದು, ಮೈಕಟ್ಟು ಎಲ್ಲದಕ್ಕೂ ಬರುತ್ತೇನೆ. ಆದರೆ ಕ್ರೀಡಾ ಗಾಯ ನೋಡುವ ವೈದ್ಯನಾಗಿ ನನ್ನ ಕಣ್ಣು ಮೊದಲು ನಿಂತದ್ದು ನಿಮ್ಮ ಮಗ ಮೂರು ವಾರ ತಲೆನೋವು ಮುಚ್ಚಿಟ್ಟ ಸಾಲಿನ ಮೇಲೆ. ಕಳಿಸಬೇಕೋ ಬಿಡಿಸಬೇಕೋ ಅನ್ನುವುದು ಅದರ ಆಮೇಲಿನ ಮಾತು.

ಅವನು ಕೆಟ್ಟ ಹುಡುಗ ಅಂತ ತಿಳಿಯಬೇಡಿ. ಈ ವಯಸ್ಸಿನ ಆಟಗಾರರು ಸುಳ್ಳು ಹೇಳುವುದು ಮಾಮೂಲು. ನಮ್ಮ ಕ್ಲಿನಿಕ್‌ನಲ್ಲಿ ದಿನವೂ ನೋಡುತ್ತೇವೆ. ಅಪ್ಪ ಅಮ್ಮ ಪಕ್ಕದಲ್ಲಿ ಕೂತಿದ್ದಾಗ ‘ಐ ಆಮ್ ಗುಡ್’ ಅನ್ನುತ್ತಾರೆ. ಅವರನ್ನು ಹೊರಗೆ ಕೂರಿಸಿ ಕೇಳಿದರೆ, ಮೊಬೈಲ್ ಪರದೆ ನೋಡಿದರೆ ಕಣ್ಣು ಚುಚ್ಚುತ್ತದೆ, ಕ್ಲಾಸಿನಲ್ಲಿ ಓದಿದ್ದು ತಲೆಗೆ ಹತ್ತುತ್ತಿಲ್ಲ, ಸುಮ್ನೆ ಸುಮ್ನೆ ಸಿಟ್ಟು ಬರುತ್ತದೆ ಅಂತ ಒಂದೊಂದಾಗಿ ಹೇಳುತ್ತಾರೆ. ಅವರಿಗಿರುವುದು ನೋವಿನ ಭಯ ಅಲ್ಲ. ತಂಡದಲ್ಲಿ ತನ್ನ ಜಾಗ ಬೇರೆಯವನಿಗೆ ಹೋಗುತ್ತದಲ್ಲಾ ಅನ್ನುವ ಭಯ.

ಜುಲೈನಲ್ಲಿ ಆದದ್ದು ಕನ್ಕಷನ್, ಅಂದರೆ ಪೆಟ್ಟಿನಿಂದ ಮೆದುಳಿನ ಕೆಲಸ ಏರುಪೇರಾಗುವುದು, ಅಂತಲೇ ಇಟ್ಟುಕೊಳ್ಳಿ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಅನ್ನುವುದು ತಪ್ಪು. ಬಹಳಷ್ಟು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಮಂಕಾಗುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಬೆಳಕು ಸಹಿಸದಿರುವುದು, ಕಾಲು ತಡವರಿಸುವುದು, ಇವೇ ಸಾಕು. ಸ್ಕ್ಯಾನ್ ಸರಿಯಿದೆ ಅಂದರೆ ಮೆದುಳು ಸರಿಯಿದೆ ಅನ್ನುವುದೂ ತಪ್ಪು. ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ ಇದೆಯಾ, ಮೂಳೆ ಮುರಿದಿದೆಯಾ ಅಂತ. ಕನ್ಕಷನ್ ಆದಾಗ ಕೆಡುವುದು ನರಕೋಶಗಳ ಕೆಲಸ. ಅದು ಆ ಚಿತ್ರದಲ್ಲಿ ಕಾಣುವುದಿಲ್ಲ.

ಆಸ್ಟ್ರೇಲಿಯಾದ ಕ್ರೀಡಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಮಕ್ಕಳಿಗೂ ಊರಿನ ಕ್ಲಬ್‌ಗಳಿಗೂ ಸ್ಪಷ್ಟವಾಗಿದೆ. ಲಕ್ಷಣಗಳೆಲ್ಲ ಪೂರ್ತಿ ಹೋದ ಮೇಲೆ 14 ದಿನ ಕಳೆಯುವ ತನಕ ಮೈಗೆ ಮೈ ತಾಗುವ ಅಭ್ಯಾಸ ಇಲ್ಲ. ಪೆಟ್ಟು ಬಿದ್ದು ಕನಿಷ್ಠ 21 ದಿನ ಆಗುವ ತನಕ ಪಂದ್ಯ ಇಲ್ಲ. ನಿಮ್ಮ ಮಗನಿಗೆ ತಲೆನೋವೇ ಮೂರು ವಾರ ಇತ್ತು. ಅಂದರೆ ಐದು ವಾರಕ್ಕೆ ಮುಂಚೆ ಅವನು ಆಡಬಾರದಿತ್ತು. ‘ಟಿವಿಯಲ್ಲಿ ಎನ್‌ಆರ್‌ಎಲ್ ಆಟಗಾರರು ಬೇಗ ವಾಪಸ್ ಬರ್ತಾರಲ್ಲ’ ಅಂತ ಅವನು ಕೇಳಬಹುದು. ಎನ್‌ಆರ್‌ಎಲ್ ಅಂದರೆ ರಗ್ಬಿ ಲೀಗ್‌ನ ದೊಡ್ಡ ವೃತ್ತಿಪರ ಸ್ಪರ್ಧೆ; ಅಲ್ಲಿ 2023ರಿಂದ ಸಾಮಾನ್ಯವಾಗಿ 11 ದಿನ ಹೊರಗೆ ಕೂರಿಸುತ್ತಾರೆ. ಆದರೆ ಅವರು ದೊಡ್ಡವರು, ಅವರ ಹಿಂದೆ ದಿನವೂ ಪರೀಕ್ಷಿಸುವ ವೈದ್ಯರ ತಂಡ ಇರುತ್ತದೆ. ಬೆಳೆಯುವ ಮೆದುಳು ಚೇತರಿಸಿಕೊಳ್ಳಲು ಹೆಚ್ಚು ಸಮಯ ಬೇಕು. ಪೂರ್ತಿ ವಾಸಿಯಾಗದ ಮೆದುಳಿಗೆ ಇನ್ನೊಂದು ಪೆಟ್ಟು ಬಿದ್ದರೆ ತಿಂಗಳುಗಟ್ಟಲೆ ತಲೆನೋವು, ಓದಿನ ತೊಂದರೆ ಉಳಿಯಬಹುದು. ಮೆದುಳು ಊದಿಕೊಂಡು ಪ್ರಾಣಕ್ಕೇ ಅಪಾಯವಾಗುವುದು ತೀರಾ ಅಪರೂಪ. ಆದರೆ ಅಂಥ ವರದಿಗಳು ಇರುವುದು ಹೆಚ್ಚಾಗಿ ಹದಿಹರೆಯದವರಲ್ಲೇ.

ಇನ್ನು ಹೆಡ್‌ಗೇರ್. ಥರ್ಸ್ಟನ್ ಅಂದರೆ ಹೆಡ್‌ಗೇರ್ ಅನ್ನುವಷ್ಟು ಅದು ಅವರ ಗುರುತು. ಪಂದ್ಯ ಮುಗಿದ ಮೇಲೆ ಅದನ್ನು ಬಿಚ್ಚಿ ಗ್ಯಾಲರಿಯಲ್ಲಿದ್ದ ಯಾವುದಾದರೂ ಮಗುವಿಗೆ ಕೊಡುತ್ತಿದ್ದರು. ಚಂದದ ಅಭ್ಯಾಸ. ಅದರಿಂದಲೇ ಎಷ್ಟೋ ಮಕ್ಕಳು ಹೆಡ್‌ಗೇರ್ ಕೇಳುತ್ತಾರೆ, ಅಪ್ಪ ಅಮ್ಮಂದಿರು ‘ಸೇಫ್ ಅಲ್ವಾ’ ಅಂತ ಖುಷಿಯಿಂದ ಕೊಡಿಸುತ್ತಾರೆ. ಆ ಮೆತ್ತನೆ ಟೊಪ್ಪಿ ಕಿವಿ ಜಜ್ಜಿಹೋಗದಂತೆ, ನೆತ್ತಿ ಸೀಳದಂತೆ ಕಾಯುತ್ತದೆ. ಕನ್ಕಷನ್ ತಡೆಯುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಗಟ್ಟಿ ಮೊಸರಿನ ಡಬ್ಬಿಗೆ ಹೊರಗಿಂದ ಎಷ್ಟೇ ಬಟ್ಟೆ ಸುತ್ತಿ, ಜೋರಾಗಿ ಕುಲುಕಿದರೆ ಮೊಸರು ಒಡೆಯುತ್ತದಲ್ಲಾ, ಹಾಗೆ. ತಲೆ ಥಟ್ಟನೆ ತಿರುಗಿದಾಗ, ಥಟ್ಟನೆ ನಿಂತಾಗ ಒಳಗೆ ಮೆದುಳು ಅಲುಗುತ್ತದೆ. ಅದನ್ನು ಹೊರಗಿನ ಫೋಮ್ ಹಿಡಿದು ನಿಲ್ಲಿಸಲಾರದು. ಹಾಕಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಹೆಡ್‌ಗೇರ್ ಇದೆಯಲ್ಲಾ ಅಂತ ತಲೆ ಮುಂದೆ ಮಾಡಿ ನುಗ್ಗುವ ಧೈರ್ಯ ಬಂದರೆ ಮಾತ್ರ ತೊಂದರೆ.

ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಕಬಡ್ಡಿಯೂ ಮೈಗೆ ಮೈ ತಾಗುವ ಆಟವೇ, ಗಾಯಗಳೂ ಆಗುತ್ತವೆ, ನಿಜ. ಆದರೆ ಅಂಕಣ ಚಿಕ್ಕದು, ವೇಗ ಹಿಡಿಯಲು ಜಾಗ ಕಮ್ಮಿ. ರಗ್ಬಿ ಲೀಗ್‌ನಲ್ಲಿ ಪ್ರತಿ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು) ಆದ ಮೇಲೆ ಎದುರಾಳಿಗಳು 10 ಮೀಟರ್ ಹಿಂದೆ ಹೋಗಬೇಕು. ಚೆಂಡು ಮತ್ತೆ ಆಟಕ್ಕೆ ಬಂದ ಕೂಡಲೇ ಎರಡೂ ಕಡೆಯವರು ಆ 10 ಮೀಟರ್ ಓಡಿ ಬಂದು ಡಿಕ್ಕಿ ಹೊಡೆಯುತ್ತಾರೆ. ಒಂದು ತಂಡಕ್ಕೆ ಆರು ಟ್ಯಾಕಲ್ ತನಕ ಚೆಂಡು. ಆಮೇಲೆ ಇನ್ನೊಂದು ತಂಡದ ಸರದಿ. 80 ನಿಮಿಷ ಇದೇ. 15 ಜನ ಆಡುವ ರಗ್ಬಿ ಯೂನಿಯನ್‌ನಲ್ಲಿ ಚೆಂಡಿಗಾಗಿ ನೆಲದ ಮೇಲೆ ಗುದ್ದಾಟ ಜಾಸ್ತಿ. 13 ಜನರ ಲೀಗ್‌ನಲ್ಲಿ ಬಯಲಿನ ಡಿಕ್ಕಿ ಜಾಸ್ತಿ. ಎನ್‌ಆರ್‌ಎಲ್‌ನಲ್ಲಿ ನಡುವೆ ಆಡುವ ಫಾರ್ವರ್ಡ್‌ಗಳು ಒಂದು ಪಂದ್ಯದಲ್ಲಿ 30-40 ಟ್ಯಾಕಲ್ ಮಾಡುವುದು ಸಾಮಾನ್ಯ. ಹಾಫ್‌ಬ್ಯಾಕ್‌ಗೆ ಅಷ್ಟಿಲ್ಲ. ಆದರೆ ಗಾತ್ರದಲ್ಲಿ ಸಣ್ಣವನು ಅಂತ ಗೊತ್ತಿದ್ದೇ ಎದುರಾಳಿಗಳು ದೊಡ್ಡವರನ್ನು ಅವನ ಕಡೆಗೇ ಓಡಿಸುತ್ತಾರೆ.

ಬಹಳ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಚೆಂಡು ಹಿಡಿದು ಓಡುವವನಿಗಿಂತ ಅವನನ್ನು ಕೆಡವಲು ಹೋದವನಿಗೇ ತಲೆಗೆ ಪೆಟ್ಟು ಬೀಳುವುದು ಜಾಸ್ತಿ. ಮುಂದಿನ ಪಂದ್ಯದಲ್ಲಿ ಚೆಂಡು ನೋಡಬೇಡಿ, ನಿಮ್ಮ ಮಗ ಟ್ಯಾಕಲ್ ಮಾಡುವಾಗ ಅವನ ತಲೆ ಎಲ್ಲಿದೆ ನೋಡಿ. ಎದುರಾಳಿಯ ಪಕ್ಕೆಗೆ ಭುಜ ತಾಗಬೇಕು, ತಲೆ ಅವನ ದೇಹದ ಹಿಂಬದಿಗೆ ಹೋಗಬೇಕು. ಸುಸ್ತಾದ ಹುಡುಗ, ಹೆದರಿದ ಹುಡುಗ ಕೊನೇ ಕ್ಷಣದಲ್ಲಿ ಕಣ್ಣು ಮುಚ್ಚಿ ತಲೆ ಬಗ್ಗಿಸುತ್ತಾನೆ. ಆಗ ತಲೆ ಎದುರಾಳಿಯ ಮುಂದೆ ಬರುತ್ತದೆ. ಓಡಿ ಬರುವವನ ಮೊಣಕಾಲು, ಸೊಂಟ ನೇರ ಕೆನ್ನೆಗೋ ಕಪಾಲಕ್ಕೋ ಬಡಿಯುತ್ತದೆ. ಮೊಬೈಲಿನಲ್ಲಿ ನಾಲ್ಕು ಟ್ಯಾಕಲ್ ವಿಡಿಯೊ ತೆಗೆದು ನಿಧಾನ ಮಾಡಿ ನೋಡಿದರೆ ನಿಮಗೇ ಕಾಣುತ್ತದೆ. ಇದು ಕಲಿಸಿದರೆ ಸರಿಹೋಗುವ ತಪ್ಪು. ಕಲಿಸದಿದ್ದರೆ ಪ್ರತಿ ವಾರ ನಡೆಯುವ ತಪ್ಪು.

ಈಗ ಸ್ವಲ್ಪ ಕಷ್ಟದ ವಿಷಯ. ಥರ್ಸ್ಟನ್ ಅವರ ಬದುಕಿನ ದೊಡ್ಡ ಗೆಲುವು 2015ರ ಎನ್‌ಆರ್‌ಎಲ್ ಫೈನಲ್. ಅಕ್ಟೋಬರ್ 4ರಂದು ಸಿಡ್ನಿಯಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡ ಬ್ರಿಸ್ಬೇನ್ ಬ್ರಾಂಕೋಸ್ ವಿರುದ್ಧ 17-16ರಿಂದ ಗೆದ್ದಿತು. ಸಮಯ ಮುಗಿಯುವ ಹೊತ್ತಿಗೆ ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಹೊಡೆದು (ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ) ಸ್ಕೋರ್ ಸಮ ಮಾಡಿದರು. ಟ್ರೈ ಆದ ಮೇಲೆ ಸಿಗುವ ಒದೆತದಲ್ಲಿ ಅಂಚಿನಿಂದ ಥರ್ಸ್ಟನ್ ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯ್ತು. ಹೆಚ್ಚುವರಿ ಸಮಯದಲ್ಲಿ ಅವರೇ ಆಟದ ನಡುವೆ ಕಂಬಗಳ ಮಧ್ಯೆ ಒದ್ದ ಒಂದು ಅಂಕದ ಫೀಲ್ಡ್ ಗೋಲ್ ಗೆಲುವು ತಂದಿತು. ಕೌಬಾಯ್ಸ್‌ಗೆ ಅದೇ ಮೊದಲ ಪ್ರಶಸ್ತಿ. ಇದನ್ನು ನಿಮ್ಮ ಮಗ ನೂರು ಸಲ ನೋಡಿರುತ್ತಾನೆ.

ಆ ತಂಡದ ಕೋಚ್ ಪಾಲ್ ಗ್ರೀನ್. ಅವರೂ ಹಿಂದೆ ಹಾಫ್‌ಬ್ಯಾಕ್ ಆಗಿದ್ದವರೇ. 1995ರಲ್ಲಿ, ಆಗ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ರಾಥ್‌ಮನ್ಸ್ ಪದಕ ಪಡೆದವರು. 2022ರ ಆಗಸ್ಟ್‌ನಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆಯವರು ಅವರ ಮೆದುಳನ್ನು ಸಂಶೋಧನೆಗೆ ದಾನ ಮಾಡಿದರು. ಪರೀಕ್ಷೆಯಲ್ಲಿ ಸಿಟಿಇ ಅನ್ನುವ ಕಾಯಿಲೆ ಕಂಡಿತು, ಅದೂ ತೀವ್ರ ಹಂತದ್ದು. ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟುಗಳಿಂದ ಮೆದುಳಿನ ಸಣ್ಣ ರಕ್ತನಾಳಗಳ ಸುತ್ತ ಟೌ ಅನ್ನುವ ಪ್ರೋಟೀನ್ ಕೂಡಿಕೊಳ್ಳುತ್ತಾ ಹೋಗುವ ಕಾಯಿಲೆ ಇದು. ಖಚಿತವಾಗಿ ಗೊತ್ತಾಗುವುದು ಸತ್ತ ಮೇಲೆಯೇ. ಆಡಿದವರಿಗೆಲ್ಲ ಬರುವುದಿಲ್ಲ. ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳುವ ಪರೀಕ್ಷೆಯೂ ಇಲ್ಲ. ಒಬ್ಬರ ಸಾವಿಗೆ ಇದೊಂದೇ ಕಾರಣ ಅಂತ ಹೇಳುವುದೂ ಸರಿಯಲ್ಲ.

ನಿಮ್ಮನ್ನು ಹೆದರಿಸಲು ಇದನ್ನು ಹೇಳಲಿಲ್ಲ. ಇದರಿಂದ ನಿಮ್ಮ ತೀರ್ಮಾನಕ್ಕೆ ಬೇಕಾದ ಮಾತೊಂದು ಸಿಗುತ್ತದೆ. ಸಿಟಿಇ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಒಂದೆರಡು ದೊಡ್ಡ ಕನ್ಕಷನ್ ಮಾತ್ರ ಅಲ್ಲ. ಲಕ್ಷಣವೇ ತೋರಿಸದ ಸಣ್ಣ ಸಣ್ಣ ಪೆಟ್ಟುಗಳೂ ಸೇರಿ, ಒಟ್ಟು ಎಷ್ಟು ವರ್ಷ ಎಷ್ಟು ಬಿತ್ತು ಅನ್ನುವುದು. ಹಾಗಾಗಿ 15ರಿಂದ 18ರ ನಡುವೆ ಅಭ್ಯಾಸದಲ್ಲಿ ಉಳಿಸುವ ಪ್ರತಿ ಡಿಕ್ಕಿಯೂ ಲಾಭವೇ. ಪಂದ್ಯದ ದಿನ ಹೊಡೆತ ತಪ್ಪಿಸಲಾಗದು. ಮಂಗಳವಾರ, ಗುರುವಾರದ ಅಭ್ಯಾಸದಲ್ಲಿ ತಪ್ಪಿಸಬಹುದು. ಕೋಚ್ ಹತ್ತಿರ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ವಾರದಲ್ಲಿ ಎಷ್ಟು ಹೊತ್ತು ಪೂರ್ತಿ ಜೋರಿನ ಟ್ಯಾಕಲ್ ಮಾಡಿಸುತ್ತೀರಿ? ‘ಹುಡುಗರು ಗಟ್ಟಿಯಾಗಬೇಕಲ್ಲ’ ಅಂತ ಉತ್ತರ ಬಂದರೆ ನಾನಾಗಿದ್ದರೆ ಬೇರೆ ಕ್ಲಬ್ ನೋಡುತ್ತಿದ್ದೆ.

ಸರಿಯಾದ ಹೊತ್ತಿಗೆ ನಿಲ್ಲಿಸಿದವರೂ ಇದ್ದಾರೆ. ಸಿಡ್ನಿ ರೂಸ್ಟರ್ಸ್ ನಾಯಕರಾಗಿದ್ದ ಬಾಯ್ಡ್ ಕಾರ್ಡ್ನರ್ ಪದೇ ಪದೇ ಕನ್ಕಷನ್ ಆದದ್ದಕ್ಕೆ 2021ರಲ್ಲಿ, ಇನ್ನೂ 29ರ ವಯಸ್ಸಿನಲ್ಲಿ, ನಿವೃತ್ತರಾದರು. ಅದೇ ವರ್ಷ ಅದೇ ಕ್ಲಬ್‌ನ ಜೇಕ್ ಫ್ರೆಂಡ್ ಕೂಡ. ಇವರ ಚಿತ್ರ ಯಾರ ಮಲಗುವ ಕೋಣೆಯ ಗೋಡೆಯ ಮೇಲೂ ಇರಲಿಕ್ಕಿಲ್ಲ. ಇರಬೇಕಿತ್ತು ಅನ್ನಿಸುತ್ತದೆ ನನಗೆ.

ಈಗ ಥರ್ಸ್ಟನ್ ಕಡೆಗೆ. ನಿಮ್ಮ ಮಗ ಅವರ ಗೆಲುವುಗಳನ್ನು ಬಾಯಿಪಾಠ ಮಾಡಿರುತ್ತಾನೆ. ಎನ್‌ಆರ್‌ಎಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಮ್ ಪದಕ ನಾಲ್ಕು ಸಲ: 2005, 2007, 2014, 2015. 323 ಎನ್‌ಆರ್‌ಎಲ್ ಪಂದ್ಯ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವೆ ಪ್ರತಿ ವರ್ಷ ನಡೆಯುವ ಮೂರು ಪಂದ್ಯಗಳ ಸ್ಟೇಟ್ ಆಫ್ ಒರಿಜಿನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಪರವಾಗಿ ಸತತ 36 ಪಂದ್ಯ. ಅವನಿಗೆ ಬೇಕಾದದ್ದು ಇದಕ್ಕೂ ಹಿಂದಿನ ಕಥೆ. ಬ್ರಿಸ್ಬೇನ್‌ನಲ್ಲಿ 1983ರಲ್ಲಿ ಹುಟ್ಟಿದ ಹುಡುಗ. ಸಣ್ಣ, ತೆಳ್ಳಗೆ ಅಂತ ಕ್ಲಬ್‌ಗಳು ಬೇಡ ಅಂದವು. ಶಾಲೆಯ ದಿನಗಳಲ್ಲಿ ದೊಡ್ಡ ಒಪ್ಪಂದ ಹಿಡಿದು ಯಾರೂ ಬಾಗಿಲಲ್ಲಿ ನಿಂತಿರಲಿಲ್ಲ. ಕೊನೆಗೆ ಸಿಡ್ನಿಯ ಬುಲ್‌ಡಾಗ್ಸ್ ಅವಕಾಶ ಕೊಟ್ಟಿತು. ಮೊದಲ ಪಂದ್ಯ ಆಡಿದ್ದು 2002ರಲ್ಲಿ. 2004ರ ಫೈನಲ್‌ನಲ್ಲಿ ಬೆಂಚ್‌ನಿಂದ ಬಂದು ಆಡಿದರು, ತಂಡ ಗೆದ್ದಿತು. ಗೆದ್ದವರಿಗೆ ಕೊಡುವ, ತನಗೆ ಬಂದ ಉಂಗುರವನ್ನು, ಗಾಯದಿಂದ ಆಡಲಾಗದ ನಾಯಕ ಸ್ಟೀವ್ ಪ್ರೈಸ್ ಅವರಿಗೆ ಕೊಟ್ಟುಬಿಟ್ಟರು. ಕೌಬಾಯ್ಸ್‌ಗೆ ಹೋಗಿ ಕಾಯಂ ಜಾಗ ಸಿಕ್ಕಿದ್ದು 2005ರಲ್ಲಿ. ಆ ಕ್ಲಬ್‌ಗೆ ಪ್ರಶಸ್ತಿ ತರಲು ಇನ್ನೂ ಹತ್ತು ವರ್ಷ ಹಿಡಿಯಿತು.

ಅಂದರೆ 15ನೇ ವಯಸ್ಸಿನಲ್ಲಿ ಆಯ್ಕೆಯಾಗದಿದ್ದರೆ ಎಲ್ಲ ಮುಗಿಯಿತು ಅನ್ನುವುದಕ್ಕೆ ನಿಮ್ಮ ಮಗನ ಆರಾಧ್ಯ ದೈವವೇ ವಿರುದ್ಧ ಸಾಕ್ಷಿ. ಇದೇ ಕಥೆಯನ್ನು ಜನ ಉಲ್ಟಾ ಹಿಡಿಯುವುದೂ ಉಂಟು: ‘ಥರ್ಸ್ಟನ್ ಸಣ್ಣ ಇದ್ದರು, ಗೆದ್ದರು, ಹಾಗಾಗಿ ಸಣ್ಣಗಿದ್ದರೂ ಹಟ ಹಿಡಿದರೆ ಆಗುತ್ತೆ’ ಅಂತ. ಹಾಗೆ ಹಟ ಹಿಡಿದು ಆಗದೆ ಹೋದ ಹುಡುಗರ ಕಥೆ ನಮಗೆ ಯಾರೂ ಹೇಳುವುದಿಲ್ಲ. ನಮ್ಮ ಕಾಯುವ ಕೋಣೆಯಲ್ಲಿ ಅವರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿರುತ್ತಾರೆ.

ಭುಜದ ವಿಷಯಕ್ಕೂ ಥರ್ಸ್ಟನ್ ಉದಾಹರಣೆ ಇದೆ. 2017ರ ಮೇ ತಿಂಗಳಲ್ಲಿ ಭುಜಕ್ಕೆ ಪೆಟ್ಟಾಗಿ ಮೊದಲ ಒರಿಜಿನ್ ಪಂದ್ಯ ತಪ್ಪಿತು, 36ರ ಸರಣಿ ಅಲ್ಲಿಗೆ ನಿಂತಿತು. ಎರಡನೇ ಪಂದ್ಯಕ್ಕೆ ಬಂದರು. ಮತ್ತೆ ಭುಜ ಕೆಟ್ಟಿತು. ಒಂದು ಕೈ ಸರಿಯಾಗಿ ಎತ್ತಲಾಗದ ಸ್ಥಿತಿಯಲ್ಲೂ ಮೈದಾನ ಬಿಡದೆ, ಕೊನೆಯಲ್ಲಿ ಅಂಚಿನಿಂದ ಗೋಲು ಒದ್ದು 18-16ರಿಂದ ಗೆಲ್ಲಿಸಿದರು. ಅದು ಅವರ ಕೊನೆಯ ಒರಿಜಿನ್ ಪಂದ್ಯ. ಆ ವರ್ಷದ ಆಟ ಅಲ್ಲಿಗೇ ಮುಗಿಯಿತು, ಶಸ್ತ್ರಚಿಕಿತ್ಸೆ ಆಯ್ತು, 2018ರ ಕೊನೆಗೆ ನಿವೃತ್ತಿ. 34 ವರ್ಷದವರು, ಎಲ್ಲ ಗೆದ್ದಾದವರು, ಅಪಾಯ ಗೊತ್ತಿದ್ದೇ ತೆಗೆದುಕೊಂಡ ತೀರ್ಮಾನ ಅದು. 15ರ ಹುಡುಗ ಅದನ್ನು ನೋಡಿ ‘ನೋವು ನುಂಗಬೇಕು’ ಅನ್ನುವ ಪಾಠ ಕಲಿತರೆ ಕಷ್ಟ.

ಭುಜ ‘ಜಾರಿದ ಹಾಗಾಗುತ್ತದೆ’ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೂರ್ತಿ ಕಳಚದೆ ಅರ್ಧ ಜಾರಿ ವಾಪಸ್ ಕೂರುತ್ತಿರಬಹುದು. ಹಾಗಾದಾಗ ಗುಳಿಯ ಅಂಚಿನ ಮೆದುಮೂಳೆ ಹರಿದಿರುವ ಸಾಧ್ಯತೆ ಇದೆ. ಈ ವಯಸ್ಸಿನಲ್ಲಿ, ಈ ಆಟದಲ್ಲಿ, ಒಮ್ಮೆ ಕಳಚಿದ ಭುಜ ಮತ್ತೆ ಕಳಚುವುದೇ ಜಾಸ್ತಿ. ನ್ಯೂಜಿಲೆಂಡ್ ತಂಡದ ಹೆಸರಾಂತ ಆಟಗಾರ ಬೆಂಜಿ ಮಾರ್ಷಲ್ ಚಿಕ್ಕ ವಯಸ್ಸಿನಲ್ಲೇ ಭುಜಕ್ಕೆ ಹಲವು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯ್ತು. ಆದರೂ 2021ರ ತನಕ ಆಡಿದರು, ಅದು ಬೇರೆ ಮಾತು. ಮೊದಲು ಪರೀಕ್ಷೆ, ಬೇಕಾದರೆ ಎಮ್‌ಆರ್‌ಐ, ಆಮೇಲೆ ಮೂರ್ನಾಲ್ಕು ತಿಂಗಳ ವ್ಯಾಯಾಮ. ಎಷ್ಟೋ ಭುಜಗಳು ಇಷ್ಟಕ್ಕೇ ನಿಲ್ಲುತ್ತವೆ. ಶಸ್ತ್ರಚಿಕಿತ್ಸೆಯೇ ಬೇಕಾದರೆ ಡಿಕ್ಕಿಯ ಆಟಕ್ಕೆ ವಾಪಸ್ ಬರಲು ಸುಮಾರು ಆರು ತಿಂಗಳು. ದೊಡ್ಡವರ ಆಟದಲ್ಲಿ ನೋವು ಮರಗಟ್ಟಿಸುವ ಇಂಜೆಕ್ಷನ್ ಹಾಕಿ ಆಡಿಸುವುದು ಗುಟ್ಟೇನಲ್ಲ. ಕಾಲರ್ ಮೂಳೆಯ ತುದಿಯ ಕೀಲು, ಪಕ್ಕೆಲುಬಿನಂಥ ಕೆಲವು ಜಾಗಕ್ಕೆ ಅದು ನಡೆಯುತ್ತದೆ. ಶಾಲೆಗೆ ಹೋಗುವ ಹುಡುಗನಿಗೆ ಯಾರಾದರೂ ಹಾಗೆ ಹಾಕುತ್ತೇನೆ ಅಂದರೆ ಮಗನನ್ನು ಕರೆದುಕೊಂಡು ಮನೆಗೆ ಬನ್ನಿ. ಯೋಚಿಸಲು ಏನೂ ಇಲ್ಲ.

ಊಟದ ಬಗ್ಗೆ ನೀವು ಹೆದರುವಷ್ಟು ಏನಿಲ್ಲ. ಮಾಂಸ ತಿನ್ನದಿದ್ದರೆ ಮೈ ಬೆಳೆಯುವುದಿಲ್ಲ ಅನ್ನುವುದು ಸುಳ್ಳು. ಬೆಳೆಯುವ ಆಟಗಾರನಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ಹಾಲು, ಮೊಸರು, ಪನೀರ್, ಬೇಳೆ, ಕಡಲೆ, ಸೋಯಾದಲ್ಲಿ ಅದು ಬರುತ್ತದೆ. ಮೊಟ್ಟೆ ತಿಂದರೆ ಇನ್ನೂ ಸುಲಭ. ತೊಂದರೆ ಬರುವುದು ಬಡಿಸುವ ಲೆಕ್ಕದಲ್ಲಿ. ಎರಡು ತಟ್ಟೆ ಅನ್ನಕ್ಕೆ ಒಂದು ಸೌಟು ತಿಳಿ ಸಾರು ಹಾಕಿದರೆ ಆಗಲ್ಲ. ಸಾರು ಕಮ್ಮಿ, ಬೇಳೆ ಜಾಸ್ತಿ ಮಾಡಿ. ಬಿ12, ಕಬ್ಬಿಣ, ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಬಿಸಿಲಿನ ದೇಶದಲ್ಲಿದ್ದರೂ ನಮ್ಮ ಮೈಬಣ್ಣದವರಲ್ಲಿ ವಿಟಮಿನ್ ಡಿ ಕಮ್ಮಿ ಇರುವುದನ್ನು ಪದೇ ಪದೇ ನೋಡುತ್ತೇನೆ. ಜಿಮ್ ಗೆಳೆಯರು ಕೊಡುವ ಪುಡಿ ಮಾತ್ರ ಬೇಡ. ಡಬ್ಬದ ಮೇಲೆ ಬರೆಯದ ವಸ್ತು ಒಳಗಿದ್ದರೂ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುವವನು ಹುಡುಗನೇ. ಕ್ರೊನುಲಾ ಕ್ಲಬ್‌ನಲ್ಲಿ 2011ರಲ್ಲಿ ನಡೆದ ಪೆಪ್ಟೈಡ್ (ನಿಷೇಧಿತ ಉದ್ದೀಪನ ವಸ್ತು) ಪ್ರಕರಣದಲ್ಲಿ, ಕ್ಲಬ್‌ನವರು ಕೊಟ್ಟದ್ದನ್ನು ತೆಗೆದುಕೊಂಡ ಆಟಗಾರರು 2014ರಲ್ಲಿ ನಿಷೇಧ ಒಪ್ಪಿಕೊಳ್ಳಬೇಕಾಯ್ತು.

ಮೈಕಟ್ಟಿನ ಭೇದಕ್ಕೆ ಮುಖ್ಯ ಕಾರಣ ಬೆಳೆಯುವ ವೇಗ. ಒಂದೇ ತರಗತಿಯಲ್ಲಿ ಒಬ್ಬನಿಗೆ ಮೀಸೆ ಬಂದು ಎರಡು ವರ್ಷ ಆಗಿರುತ್ತದೆ, ಇನ್ನೊಬ್ಬನ ಧ್ವನಿ ಈಗಷ್ಟೇ ಒಡೆಯುತ್ತಿರುತ್ತದೆ. 18-19ಕ್ಕೆ ಅಂತರ ಕಮ್ಮಿಯಾಗುತ್ತದೆ. ನಿಮ್ಮ ಪತ್ರದಲ್ಲಿ ನೀವು ಗಮನಿಸದೆ ಬಿಟ್ಟ ಅಂಶವೂ ಇದಕ್ಕೇ ಸೇರುತ್ತದೆ. ಹೆರಾಲ್ಡ್ ಮ್ಯಾಥ್ಯೂಸ್ ಈಗ 17 ವರ್ಷದೊಳಗಿನವರ ಸ್ಪರ್ಧೆ. ನಿಮ್ಮ ಮಗನಿಗೆ 15. ಅಲ್ಲಿ ಬಹಳಷ್ಟು ಹುಡುಗರು ಅವನಿಗಿಂತ ಒಂದು ವರ್ಷ ದೊಡ್ಡವರು. ಕರೆದದ್ದು ಹೆಮ್ಮೆಯ ವಿಷಯವೇ. ಈ ವರ್ಷ ಹೋಗದಿದ್ದರೂ ಮುಂದಿನ ವರ್ಷ ಅವನ ವಯಸ್ಸಿಗೆ ಅದೇ ಸ್ಪರ್ಧೆ ಸಿಗುತ್ತದೆ. ಆಮೇಲೆ 19ರೊಳಗಿನವರ ಎಸ್‌ಜಿ ಬಾಲ್, 21ರೊಳಗಿನವರ ಜರ್ಸಿ ಫ್ಲೆಗ್ ಇವೆ. 18 ತುಂಬುವ ಮುಂಚೆ ಎನ್‌ಆರ್‌ಎಲ್ ಆಡಲು ವಿಶೇಷ ಅನುಮತಿ ಬೇಕು. 2021ರಲ್ಲಿ ಜೋಸೆಫ್ ಸುಆಲಿ ಅವರಿಗೆ 17ರಲ್ಲೇ ಕೊಟ್ಟಾಗ ಅದೇ ದೊಡ್ಡ ಸುದ್ದಿಯಾಗಿತ್ತು.

ನಿಮ್ಮ ಯಜಮಾನರ ಆತಂಕದಲ್ಲಿ ಹುರುಳಿದೆ. ಎನ್‌ಆರ್‌ಎಲ್‌ನಲ್ಲಿ ಈಗ 17 ಕ್ಲಬ್, ಕ್ಲಬ್‌ಗೆ 30 ಜನರ ಮುಖ್ಯ ಪಟ್ಟಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ದೇಶಗಳ ಊರೂರಿನ ಹುಡುಗರೆಲ್ಲ ನುಗ್ಗುವುದು ಈ ಐನೂರು ಚಿಲ್ಲರೆ ಜಾಗಕ್ಕೆ. ಒಳಗೆ ಹೋದವರಲ್ಲೂ ಬಹುಪಾಲು ಮಂದಿ ಕೆಲವೇ ವರ್ಷ ಆಡಿ ಹೊರಗೆ ಬರುತ್ತಾರೆ. ಥರ್ಸ್ಟನ್ ಅವರ 323 ಪಂದ್ಯ, ಕ್ಯಾಮರಾನ್ ಸ್ಮಿತ್ ಅವರ 430 ಪಂದ್ಯ ಮಾದರಿ ಅಂತ ಇಟ್ಟುಕೊಂಡು ಮಗನ ಬದುಕಿನ ಲೆಕ್ಕ ಹಾಕಬೇಡಿ. ಆದರೆ ಆಟ ಬಿಡಿಸಿದರೆ ಅಂಕ ಏರುತ್ತದೆ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ವಾರಕ್ಕೆ ಎರಡು ಸಂಜೆ ಅಭ್ಯಾಸ, ಶನಿವಾರವೋ ಭಾನುವಾರವೋ ಒಂದು ಪಂದ್ಯ, ಇದರಿಂದ ಓದು ಹಾಳಾಗುವುದಿಲ್ಲ. ಜಿಲ್ಲಾ ತಂಡದ ಕಥೆ ಬೇರೆ. ನವೆಂಬರ್‌ನಿಂದಲೇ ವಾರಕ್ಕೆ ಮೂರು ನಾಲ್ಕು ಸಂಜೆ, ಜೊತೆಗೆ ಜಿಮ್, ಕತ್ತಲಾದ ಮೇಲೆ ಕರೆದುಕೊಂಡು ಬರುವ ಕಾರಿನ ಓಡಾಟ. ಅದು ಇಡೀ ಮನೆಯ ವೇಳಾಪಟ್ಟಿಯನ್ನೇ ತಿನ್ನುತ್ತದೆ. ಯಜಮಾನರಿಗೆ ಒಂದು ಹೆಸರು ಹೇಳಿ: ಜಾರ್ಜ್ ಪೆಪೋನಿಸ್. ಗ್ರೀಸ್‌ನಿಂದ ವಲಸೆ ಬಂದ ಮನೆಯ ಹುಡುಗ. ವೈದ್ಯಕೀಯ ಓದಿದವರು, ಆಸ್ಟ್ರೇಲಿಯಾ ತಂಡದ ನಾಯಕರಾದವರು, 1980ರಲ್ಲಿ ಸಿಡ್ನಿಯ ಕ್ಯಾಂಟರ್‌ಬರಿ ಕ್ಲಬ್‌ಗೆ ಪ್ರಶಸ್ತಿ ಗೆದ್ದುಕೊಟ್ಟ ನಾಯಕರು. ಆಗ ಆಟ ಪೂರ್ಣಾವಧಿ ಕೆಲಸವಾಗಿರಲಿಲ್ಲ, ಈಗ ಹಾಗೆ ಮಾಡುವುದು ತುಂಬ ಕಷ್ಟ. ಆದರೂ ಎಷ್ಟೋ ಯುವ ಆಟಗಾರರು ಜೊತೆಜೊತೆಗೇ ಎಲೆಕ್ಟ್ರಿಷಿಯನ್, ಬಡಗಿ ಕೆಲಸ ಕಲಿಯುತ್ತಾರೆ, ಇಲ್ಲವೇ ಯೂನಿವರ್ಸಿಟಿಯಲ್ಲಿ ಒಂದೆರಡು ವಿಷಯ ಹಿಡಿದು ಓದುತ್ತಾರೆ.

ಹಾಗಾದರೆ ಏನು ಮಾಡಬಹುದು?

ಟ್ಯಾಕಲ್ ಪೂರ್ತಿ ಬಿಡಿಸಿ ಟಚ್ ಫುಟ್‌ಬಾಲ್ ಅಥವಾ ಓಜ್‌ಟ್ಯಾಗ್‌ಗೆ (ಕೆಡವದೆ, ಬರೀ ಮುಟ್ಟಿ ಅಥವಾ ಸೊಂಟದ ಪಟ್ಟಿ ಕಿತ್ತು ನಿಲ್ಲಿಸುವ ಆಟಗಳು) ಹಾಕುವುದು ಒಂದು ದಾರಿ. ತಲೆ, ಭುಜ ಎರಡಕ್ಕೂ ಅಪಾಯ ತುಂಬ ಕಮ್ಮಿ. ಹಾಫ್‌ಬ್ಯಾಕ್‌ಗೆ ಬೇಕಾದ ಕೈಚಳಕ, ಜಾಗ ನೋಡುವ ಕಣ್ಣು ಅಲ್ಲೇ ಬೆಳೆಯುತ್ತದೆ. ಬೆಂಜಿ ಮಾರ್ಷಲ್, ಇನ್ನೊಬ್ಬ ಹೆಸರಾಂತ ಹಾಫ್‌ಬ್ಯಾಕ್ ಶಾನ್ ಜಾನ್ಸನ್ ಟಚ್ ಆಡಿ ಬೆಳೆದವರು. ಇದರ ಅಪಾಯ ಮನಸ್ಸಿಗೆ ಸಂಬಂಧಿಸಿದ್ದು. ಗೆಳೆಯರೆಲ್ಲ ಆಡುತ್ತಿರುವಾಗ ಬಲವಂತವಾಗಿ ಬಿಡಿಸಿದರೆ ಹುಡುಗ ಮುಂದೆ ಯಾವ ನೋವನ್ನೂ ನಿಮಗೆ ಹೇಳುವುದಿಲ್ಲ.

ಜಿಲ್ಲಾ ಶಿಬಿರಕ್ಕೆ ಈಗಲೇ ಕಳಿಸುವುದು ಇನ್ನೊಂದು. ಒಳ್ಳೆ ಕೋಚ್, ಫಿಸಿಯೊ, ಸರಿಯಾದ ಟ್ಯಾಕಲ್ ತರಬೇತಿ ಸಿಗುತ್ತದೆ. ಆದರೆ ಇತ್ತೀಚೆಗೆ ತಲೆಗೆ ಪೆಟ್ಟು ತಿಂದು ಅದನ್ನು ಮುಚ್ಚಿಟ್ಟ, ಭುಜ ಸಡಿಲ ಇರುವ ಹುಡುಗ ತನಗಿಂತ ದೊಡ್ಡವರ ಮಧ್ಯೆ ಜಾಗಕ್ಕಾಗಿ ಹೋರಾಡಬೇಕು. ಮತ್ತೆ ಮುಚ್ಚಿಡಲು ಇದಕ್ಕಿಂತ ದೊಡ್ಡ ಕಾರಣ ಬೇಕಾ?

ನನ್ನ ಸಲಹೆ ನಡುವಿನದು. ಈ ವರ್ಷ ಶಿಬಿರ ಬೇಡ. ಬೇಸಿಗೆಯಲ್ಲಿ ಟಚ್ ಆಡಲಿ, ಭುಜ ಮತ್ತು ಕುತ್ತಿಗೆ ಗಟ್ಟಿ ಮಾಡಿಕೊಳ್ಳಲಿ. ಮಾರ್ಚ್ ಹೊತ್ತಿಗೆ ತಲೆ, ಭುಜ ಎರಡೂ ಪರೀಕ್ಷೆಯಲ್ಲಿ ಸರಿಯಿದ್ದರೆ ತನ್ನ ವಯಸ್ಸಿನವರ ಜೊತೆ ಕ್ಲಬ್‌ನಲ್ಲಿ ಆಡಲಿ. ಮುಂದಿನ ವರ್ಷ ಮತ್ತೆ ಕರೆ ಬಂದರೆ ಹೋಗಲಿ. ಬರದೆಯೂ ಹೋಗಬಹುದು, ಅದು ನಿಜವಾದ ನಷ್ಟ. ಅವನಿಗೆ ಮೊದಲೇ ಹೇಳಿಬಿಡಿ. ಮತ್ತೆ ಕನ್ಕಷನ್ ಆದರೆ, ಅದರಲ್ಲೂ ಈ ಸಲಕ್ಕಿಂತ ಸಣ್ಣ ಪೆಟ್ಟಿಗೆ ಆಗಿ ಈ ಸಲಕ್ಕಿಂತ ಹೆಚ್ಚು ದಿನ ಕಾಡಿದರೆ, ಆಗ ನಾನೇ ಟ್ಯಾಕಲ್ ಬಿಡಿ ಅನ್ನುತ್ತೇನೆ.

ಶಿಬಿರದವರಿಗೆ ಪತ್ರ ಬರೆಯುವಾಗ ಸುಮ್ನೆ ‘ಬರುವುದಿಲ್ಲ’ ಅನ್ನಬೇಡಿ. ‘ವೈದ್ಯರ ಸಲಹೆ ಮೇರೆಗೆ ಈ ವರ್ಷ ಬಿಡುತ್ತಿದ್ದೇವೆ, ಮುಂದಿನ ವರ್ಷ ಪರಿಗಣಿಸಿ’ ಅಂತ ಬರೆಯಿರಿ. ಒಳ್ಳೆ ಕೋಚ್‌ಗಳು ಇದನ್ನು ತಪ್ಪು ತಿಳಿಯುವುದಿಲ್ಲ. ಏಜೆಂಟ್ ಅಂತ ಹೇಳಿಕೊಂಡು ಯಾರಾದರೂ ಫೋನ್ ಮಾಡಿದರೆ ಮಾನ್ಯತೆ ಇದೆಯಾ ಕೇಳಿ, ಯಾವ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕಬೇಡಿ. ಕ್ಲಬ್ ನೋಂದಣಿಯ ಜೊತೆ ಬರುವ ವಿಮೆಯನ್ನು ಒಮ್ಮೆ ಓದಿ. ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಅದರಲ್ಲಿ ನೀವು ಕೈಯಿಂದ ಕೊಡುವ ವ್ಯತ್ಯಾಸದ ದುಡ್ಡಿಗೂ, ಈ ಕ್ಲಬ್ ವಿಮೆ ಬರುವುದಿಲ್ಲ. ಭುಜದ ಶಸ್ತ್ರಚಿಕಿತ್ಸೆ ಬೇಕಾದೀತು ಅನ್ನಿಸಿದರೆ ಖಾಸಗಿ ವಿಮೆಯ ಕಾಯುವ ಅವಧಿ ಎಷ್ಟು ಅಂತ ಈಗಲೇ ವಿಚಾರಿಸಿ.

ಪರೀಕ್ಷೆಗೆ ಹೋಗುವಾಗ ಜುಲೈ ಪಂದ್ಯದ ವಿಡಿಯೊ ಇದ್ದರೆ ತೆಗೆದುಕೊಂಡು ಹೋಗಿ. ಸ್ವಲ್ಪ ಹೊತ್ತು ವೈದ್ಯರು ಮಗನ ಜೊತೆ ಒಬ್ಬರೇ ಮಾತಾಡಲು ಬಿಡಿ. ಸಾಧ್ಯವಾದರೆ ತಂಗಿಯನ್ನೂ ಕರೆದುಕೊಂಡು ಹೋಗಿ, ನಿಮ್ಮ ಮನೆಯಲ್ಲಿ ಸರಿಯಾದ ವರದಿ ಅವಳ ಹತ್ತಿರವೇ ಇರುವಂತಿದೆ.